ಅಳಿಸಿದ ತಾಸುಗಳು

ಬಾಗಲಕೋಟೆ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಯ ಹುಡುಗ, ಇಪ್ಪತ್ತೈದರ ಆಸುಪಾಸು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಬೆಂಗಳೂರಿನ ಒಂದು ಲಾ ಫರ್ಮ್‌ಗೆ ಅಸೋಸಿಯೇಟ್, ಅಂದರೆ ಕಿರಿಯ ವಕೀಲ, ಆಗಿ ಸೇರಿ ಏಳು ತಿಂಗಳಾಗಿತ್ತು. ಊರಿಗೆ ಬಂದಾಗ ಅಕ್ಕ ಆಪ್ತಸಮಾಲೋಚನೆಗೆಂದು ನನ್ನ ಬಳಿ ಕರೆತಂದರು. ಶುಕ್ರವಾರ ರಾತ್ರಿ ನಿದ್ದೆಯಿಲ್ಲ, ಎದೆ ಡವಡವ.

ಶುಕ್ರವಾರವೇ ಏಕೆ ಎಂದು ಕೇಳಿದೆ. "ಅವತ್ತ ವಾರದ ಟೈಮ್‌ಶೀಟ್ ತುಂಬಬೇಕ್ರಿ ಮೇಡಂ. ದಿನಾ ಹತ್ತ ತಾಸ ದುಡೀತೀನಿ. ಬರ್ಯಾಕ ಕುಂತ್ರ ಆರ ತಾಸೂ ಲೆಕ್ಕಕ್ಕ ಸಿಗೂದಿಲ್ಲ."

ನಮ್ಮ ಕಡೆ ವಕೀಲರು ಸಾಮಾನ್ಯವಾಗಿ ಕೇಸಿಗಿಷ್ಟು, ತಾರೀಖಿಗಿಷ್ಟು ಎಂದು ಫೀ ಮಾತಾಡುತ್ತಾರೆ. ಇವರ ಫರ್ಮ್‌ನಲ್ಲಿ ಫೀ ತಾಸಿನ ಲೆಕ್ಕದಲ್ಲಿ. ಯಾವ ಕೆಲಸಕ್ಕೆ ಎಷ್ಟು ವೇಳೆ ಹಿಡಿಯಿತೆಂದು ಬರೆಯುವ ಪಟ್ಟಿಯೇ ಟೈಮ್‌ಶೀಟ್. ಅದರಲ್ಲಿ ತಾಸನ್ನು ಹತ್ತು ಪಾಲು ಮಾಡಿ ಆರಾರು ನಿಮಿಷದ ಲೆಕ್ಕ. 18 ನಿಮಿಷದ ಫೋನಿಗೆ 0.3. ಎದುರಿಗೆ ಮಾಡಿದ ಕೆಲಸದ ಒಂದು ಸಾಲು. ಆ ಸಾಲು ಓದಿ ಕಕ್ಷಿದಾರ ದುಡ್ಡು ಕೊಡುತ್ತಾನೆ.

ಮೊದಲ ಭೇಟಿಯಲ್ಲಿ ಇದು ಬರೀ ಮರೆವು ಅಂದುಕೊಂಡೆ. ಎರಡನೆಯದರಲ್ಲಿ ಒಳಗಿನದು ಹೊರಬಂತು. ಮೂರು ತಾಸು ಹಿಡಿದ ಕೆಲಸಕ್ಕೆ ಇವರು ಒಂದು ಎಂದು ಬರೆಯುತ್ತಿದ್ದರು. "ಬ್ಯಾರೇದವ್ರು ಒಂದ ತಾಸಿನ್ಯಾಗ ಮುಗಸ್ತಾರ್ರಿ. ಮೂರು ಅಂತ ಬರದ್ರ ಕಕ್ಷಿದಾರರಿಗೆ ಮೋಸ ಮಾಡಿದಂಗ." ಕಬ್ಬಿನ ತೂಕದಲ್ಲಿ ಮೋಸವಾಯಿತೇನೋ ಎಂದು ಅಪ್ಪ ಪ್ರತಿ ಹಂಗಾಮಿನಲ್ಲೂ ಕೊರಗುವುದನ್ನು ಕಂಡು ಬೆಳೆದವರು. ತಾನು ತೂಕದ ಕಾಟಾದ ಆ ಬದಿಯವನಾಗಬಾರದು ಎಂಬ ಹಠ.

ಆ ಹಠ ನನಗೆ ಬಹಳ ಹಿಡಿಸಿತು, ಹಾಗೆಂದು ಹೇಳಿದೆ ಕೂಡ. ಆದರೆ ಇಲ್ಲದ ತಾಸು ಸೇರಿಸುವಂತೆ ದುಡಿದ ತಾಸು ಅಳಿಸುವುದೂ ಸುಳ್ಳು ತೂಕವೇ. ಈ ಕೆಲಸಕ್ಕೆ ನಿಜಕ್ಕೂ ಎಷ್ಟು ಹಿಡಿಯಿತೆಂದು ಫರ್ಮ್‌ನ ಹಿರಿಯ ವಕೀಲರಿಗೆ ತಿಳಿಯುವುದೇ ಇಲ್ಲ. ಮುಂದಿನ ಕಕ್ಷಿದಾರನಿಗೆ ತಪ್ಪು ಅಂದಾಜು ಹೇಳುತ್ತಾರೆ, ನಿಮ್ಮ ಕೈ ಖಾಲಿಯಿದೆ ಅಂದುಕೊಂಡು ಇನ್ನಷ್ಟು ಹೇರುತ್ತಾರೆ. ಹಿಡಿದಷ್ಟು ಬರೆಯಿರಿ, ಬಿಲ್ಲಿನಲ್ಲಿ ಎಷ್ಟು ಉಳಿಸಬೇಕೆಂಬುದು ಅವರಿಗೆ ಬಿಟ್ಟದ್ದು. ಕಲಿಯಲಿಕ್ಕೆಂದೇ ಓದಿದ ತಾಸುಗಳನ್ನು ಯಾವ ಖಾತೆಗೆ ಹಾಕಬೇಕೆಂದು ಅವರನ್ನೇ ಕೇಳಿ ಎಂದೆ.

ಮರೆವಿನ ಮಾತು ಬಂದಾಗ ನಾನೇ ಕೇಳಿದೆ: "ಕಡದ ಕಬ್ಬು ಎರಡ ದಿನ ಹೊಲದಾಗ ಬಿದ್ರ?" "ಒಣಗಿ ತೂಕ ಇಳೀತೈತ್ರಿ" ಅಂದವರು ಮೊದಲ ಸಲ ನಕ್ಕರು. ಅಂದಿನಿಂದ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈಹಾಕುವಾಗಲೇ ವೇಳೆ ಬರೆದಿಡುತ್ತಿದ್ದಾರೆ.

ಸಾಲುಗಳದ್ದು ಬೇರೆ ಕಷ್ಟ. ಕನ್ನಡ ಮಾಧ್ಯಮದಲ್ಲಿ ಓದಿದ ಅಳುಕಿಗೆ 'ಸಂಶೋಧನೆ, 3.0' ಎಂಬಂಥ ಒಂದೆರಡು ಇಂಗ್ಲಿಷ್ ಪದದಲ್ಲೇ ಮುಗಿಸುತ್ತಿದ್ದರು. ಇಲ್ಲವೇ ಕರೆ, ಓದು, ಕರಡು ಎಲ್ಲವನ್ನೂ ಒಂದೇ ಐದು ತಾಸಿನ ಗಂಟಿಗೆ ಕಟ್ಟುತ್ತಿದ್ದರು. ಮಾಡಿದ್ದನ್ನು ಅಪ್ಪನಿಗೆ ಹೇಳಿದಂತೆ ಹೇಳಿ ಅಂದೆ. "ಎಪ್ಪಾ, ಕೆಲಸ ತಡಾ ಆದ್ರ ದಂಡ ಕೊಡಬೇಕಂತ ಕರಾರಿನ್ಯಾಗ ಐತಿ. ಅಷ್ಟೂ ದಂಡ ಕೊಡಾಕಬೇಕೋ ಏನಂತ ಹಳೇ ತೀರ್ಪು ಓದೀನಿ." ಇದೇ ಸಾಲು ಎಂದೆ. ಇಂಗ್ಲಿಷಿಗೆ ತಂದಾಗ ಹೀಗಾಯಿತು: ವಿಳಂಬದ ದಂಡದ ಬಗ್ಗೆ ಕರಾರು ಕಾಯ್ದೆ 1872ರ 74ನೇ ಕಲಮಿನ ತೀರ್ಪುಗಳ ಓದು, ನೋಟಿಸಿನ ಉತ್ತರಕ್ಕಾಗಿ, 1.8. ಆ ಉತ್ತರದ ಕರಡಿಗೆ ಬೇರೆಯೇ ಸಾಲು. ಒಂದು ಎಚ್ಚರಿಕೆಯನ್ನೂ ಕೊಟ್ಟೆ: 'ನಮ್ಮ ವಾದದ ದುರ್ಬಲ ಅಂಶ' ಎಂಬಂಥದ್ದು ಅಲ್ಲಿ ಬೇಡ, ಕೇಸಿನ ಖರ್ಚು ಯಾರು ಕೊಡಬೇಕೆಂಬ ತಕರಾರು ಬಂದರೆ ಬಿಲ್ಲು ಎದುರಾಳಿಯ ಕೈಗೂ ಹೋಗಬಹುದು.

ಮೂರನೇ ಭೇಟಿ ಫೋನಿನಲ್ಲಿ. 3.2 ಎಂದು ಬರೆದದ್ದನ್ನು ಹಿರಿಯರು ಬಿಲ್ಲಿನಲ್ಲಿ 2ಕ್ಕೆ ಇಳಿಸಿದರಂತೆ. "ಬ್ಯಾಸರ ಆತ್ರಿ. ಆದ್ರ ಎಲ್ಲಿ ತಡಾ ಆತು ಅಂತ ಕರದ ಕುಂದ್ರಿಸಿ ತೋರಿಸಿದ್ರು." ಶುಕ್ರವಾರದ ನಿದ್ದೆ ಇನ್ನೂ ಅರ್ಧಂಬರ್ಧ. ಅದಕ್ಕೆ ಉಸಿರಾಟದ ಅಭ್ಯಾಸ ಮುಂದುವರಿಸಿದ್ದೇವೆ.