ಆಲಿಕಲ್ಲು ಬಿದ್ದ ಚಾವಣಿಗೆ ವಿಮೆ ಸಿಗುತ್ತಾ?

ಪ್ರಶ್ನೆ: ಸರ್, ಕಳೆದ ವಾರ ಆಲಿಕಲ್ಲು ಮಳೆಗೆ ನಮ್ಮ ಮನೆಯ ಸಿಮೆಂಟ್ ಶೀಟ್ ಅಲ್ಲಲ್ಲಿ ಸೋರುತ್ತಿದೆ. ಸೋಲಾರ್ ಹೀಟರಿನ ಗಾಜಿನ ಕೊಳವೆಗಳೂ ಒಡೆದಿವೆ. ಗೃಹವಿಮೆ ಇದೆ. ಏನು ಮಾಡಲಿ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಮೊದಲು ಒಂದು ಮಾತು, ಆ ಶೀಟ್ ಮೇಲೆ ಹತ್ತಬೇಡಿ. ಬಿರುಕು ಬಿಟ್ಟ ಶೀಟ್ ಕಾಲಿಟ್ಟ ಕೂಡಲೇ ಮುರಿಯುತ್ತದೆ. ಹಗಲಲ್ಲಿ ಒಳಗಿಂದಲೇ ನೋಡಿ, ಬಿರುಕಿದ್ದ ಕಡೆ ಬೆಳಕು ಕಾಣುತ್ತದೆ.

ನಾನು ವರ್ಷಗಟ್ಟಲೆ ವಿಮಾ ಸರ್ವೇಯರ್, ಅಂದರೆ ಹಾನಿ ನೋಡಿ ಅಂದಾಜಿಸುವ ಕೆಲಸ ಮಾಡಿದವನು. ನಾವು ನೋಡುತ್ತಿದ್ದದ್ದು ಬಿರುಕಿನ ಅಂಚನ್ನು. ಹೊಸದಾದರೆ ಅಂಚು ಚೊಕ್ಕವಾಗಿ, ತಿಳಿಬಣ್ಣದಲ್ಲಿರುತ್ತದೆ. ಹಳೆಯದರಲ್ಲಿ ಧೂಳು, ಪಾಚಿ ಕೂತು ಕಪ್ಪಾಗಿರುತ್ತದೆ. ಹಳೆಯ ಸವೆತಕ್ಕೆ ವಿಮೆ ಹಣ ಕೊಡುವುದಿಲ್ಲ, ಜಗಳ ಜಾಸ್ತಿ ಆಗುವುದು ಇಲ್ಲೇ. ಹಾಗಾಗಿ ಹತ್ತಿರದಿಂದಲೂ ದೂರದಿಂದಲೂ ಫೋಟೋ ತೆಗೆಯಿರಿ. ಒಡೆದ ಚೂರುಗಳನ್ನು ದಯವಿಟ್ಟು ಎಸೆಯಬೇಡಿ.

ಕಂಪನಿಗೆ ಇವತ್ತೇ ತಿಳಿಸಿ, ಅವರು ಕೊಡುವ ಕ್ಲೇಮ್ (ಪರಿಹಾರ ಕೋರಿಕೆ) ಸಂಖ್ಯೆ ಬರೆದಿಟ್ಟುಕೊಳ್ಳಿ. ಸರ್ವೇಯರ್ ಬರುವ ಮುಂಚೆ ಪೂರ್ತಿ ರಿಪೇರಿ ಬೇಡ. ಆದರೆ ಶೀಟ್ ಮೇಲೆ ಹತ್ತದೆ ಟಾರ್ಪಾಲ್ ಹೊದಿಸಿ, ಬಿಲ್ ಇಟ್ಟುಕೊಳ್ಳಿ. ಸುಮ್ನೆ ನೆನೆಯಲು ಬಿಟ್ಟರೆ ಆಮೇಲಿನ ಹಾನಿ ನಿಮ್ಮ ತಲೆಗೇ ಬರಬಹುದು. ಗಾರೆಯವರಿಂದ ಲಿಖಿತ ಅಂದಾಜು ಪಟ್ಟಿ ಪಡೆಯಿರಿ. ಊರಿನ ಆಲಿಕಲ್ಲು ಮಳೆಯ ಸುದ್ದಿ ಪೇಪರಿನಲ್ಲಿ ಬಂದಿದ್ದರೆ ಕತ್ತರಿಸಿಡಿ.

2021ರ ಏಪ್ರಿಲ್‌ನಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಬಿರುಗಾಳಿಯ ಹಾನಿ ಸೇರಿದೆ. ನಿಮ್ಮದು ಯಾವುದು, ಹೀಟರ್ ಸೇರಿದೆಯೇ ಎಂದು ಓದಿ ನೋಡಿ. ಕಂಪನಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ಆ ಕಾರಣ ಸರಿಯೆನಿಸದಿದ್ದರೆ ಕಂಪನಿಗೇ ಲಿಖಿತ ದೂರು ಕೊಡಿ. ಅದಕ್ಕೆ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮೆಯ ತಕರಾರು ಬಗೆಹರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.