ಫ್ಯೂಜಿ ನೋಡೋಕೆ ಒಂದೇ ದಿನ ಇದ್ರೆ ಯಾವ ಟೂರ್?

ಪ್ರಶ್ನೆ: ಜೂನ್‌ನಲ್ಲಿ ಅಪ್ಪ ಅಮ್ಮನ್ನ ಟೋಕಿಯೋಗೆ ಕರ್ಕೊಂಡು ಹೋಗ್ತಿದೀವಿ. ಫ್ಯೂಜಿ ಪರ್ವತಕ್ಕೆ ಒಂದಿನದ ಬಸ್ ಟೂರ್ ಮಾಡೋಣ ಅಂತ. ಒಂದರಲ್ಲಿ ಐದನೇ ಸ್ಟೇಷನ್ (ಬೆಟ್ಟದ ಅರ್ಧದಲ್ಲಿರೋ ನಿಲ್ದಾಣ), ಕವಾಗುಚಿ ಕೆರೆ, ಹಕೋನೆ ಎಲ್ಲಾ ಇದೆ, ಇನ್ನೊಂದರಲ್ಲಿ ಬರೀ ಕೆರೆ ಕಡೆ. ಅಪ್ಪಂಗೆ ಮಂಡಿ ನೋವು. ಯಾವುದು ಒಳ್ಳೇದು?

ಉತ್ತರ: ಕೆರೆ ಕಡೆದೇ ತಗೊಳ್ಳಿ, ಆದ್ರೆ ಯಾವ ಟೂರ್ ಅನ್ನೋದಕ್ಕಿಂತ ಯಾವ ದಿನ ಹೋಗ್ತೀರ ಅನ್ನೋದೇ ಮುಖ್ಯ. ಜೂನ್ ಅಂದ್ರೆ ಅಲ್ಲಿ ಮಳೆಗಾಲ ಶುರುವಾಗಿರತ್ತೆ, 3776 ಮೀಟರ್ ಎತ್ತರದ ಬೆಟ್ಟ ಇಡೀ ದಿನ ಮೋಡದೊಳಗೆ ಇದ್ದುಬಿಡಬಹುದು, ಕಾಣ್ಲಿಲ್ಲ ಅಂತ ಸಾಮಾನ್ಯವಾಗಿ ಯಾರೂ ದುಡ್ಡು ವಾಪಸ್ ಕೊಡಲ್ಲ. ಅದಕ್ಕೇ ಎರಡು ಮೂರು ದಿನ ಖಾಲಿ ಇಟ್ಕೊಂಡು, ಹಿಂದಿನ ದಿನದವರೆಗೂ ಫ್ರೀಯಾಗಿ ಕ್ಯಾನ್ಸಲ್ ಮಾಡೋಕೆ ಬಿಡೋ ಟೂರ್ ನೋಡಿ, ಕವಾಗುಚಿ ಕೆರೆ ಹತ್ರ ಲೈವ್ ಕ್ಯಾಮೆರಾಗಳಿವೆ, ಅದನ್ನೂ ಹವಾಮಾನವನ್ನೂ ನೋಡ್ಕೊಂಡು ಫೈನಲ್ ಮಾಡಿ. ಬೆಳಿಗ್ಗೆ ಬೇಗ ಹೊರಡೋ ಬಸ್ಸೇ ಇರ್ಲಿ, ಹೊತ್ತು ಏರ್ತಾ ಮೋಡ ಮೇಲೇಳೋದು ಜಾಸ್ತಿ.

ಐದನೇ ಸ್ಟೇಷನ್ ಬಗ್ಗೆ ಜನಕ್ಕೆ ದೊಡ್ಡ ಆಸೆ ಇರತ್ತೆ. ಸುಮಾರು 2300 ಮೀಟರ್‌ವರೆಗೆ ಬಸ್ಸೇ ಹೋಗತ್ತೆ ನಿಜ, ಆದ್ರೆ ನೀವು ಆಗ ಬೆಟ್ಟದ ಮೇಲೇ ನಿಂತಿರ್ತೀರ, ಫೋಟೋದಲ್ಲಿ ನೋಡಿದ ಆ ಆಕಾರ ಕಾಣೋದೇ ಇಲ್ಲ, ಕೆಂಪು ಕಪ್ಪು ಜ್ವಾಲಾಮುಖಿ ಕಲ್ಲಿನ ಇಳಿಜಾರು, ಅಂಗಡಿಗಳು, ಮತ್ತೆ ಚಳಿ, ಕೆಳಗಿನ ಟೋಕಿಯೋಗಿಂತ ಹತ್ತು ಡಿಗ್ರಿಗೂ ಕಡಿಮೆ ಇರತ್ತೆ, ಜಾಕೆಟ್ ಬೇಕೇ ಬೇಕು. ಪೂರ್ತಿ ಬೆಟ್ಟ ನೋಡ್ಬೇಕು ಅಂದ್ರೆ ಸ್ವಲ್ಪ ದೂರ ಸರೀಬೇಕು. ಕವಾಗುಚಿ ಕೆರೆಯ ಉತ್ತರ ದಡದಲ್ಲಿ ಓಯಿಶಿ ಪಾರ್ಕ್ ಇದೆ, ನೀರಿನ ಆಚೆ ಇಡೀ ಫ್ಯೂಜಿ ಎದುರಿಗೇ, ನೆಲ ಸಮತಟ್ಟು, ಅಪ್ಪ ಆರಾಮಾಗಿ ಕೂತ್ಕೊಂಡು ನೋಡಬಹುದು, ಜೂನ್ ಕೊನೆಗೆ ಹೋದ್ರೆ ಲ್ಯಾವೆಂಡರ್ ಹೂವೂ ಸಿಗತ್ತೆ. ಹಾಂ, ಪೋಸ್ಟ್‌ಕಾರ್ಡಲ್ಲಿರೋ ಹಾಗೆ ಬಿಳಿ ಟೋಪಿ ಪೂರ್ತಿ ಇರಲ್ಲ, ಅಷ್ಟೊತ್ತಿಗೆ ಹಿಮ ತುಂಬಾ ಕರಗಿರತ್ತೆ, ಅಮ್ಮಂಗೆ ಮೊದಲೇ ಹೇಳಿಡಿ.

ಗುಡ್ಡದ ಮೇಲಿಂದ ಫ್ಯೂಜಿ ಕಾಣೋ ಚುರೇತೊ ಪಗೋಡಾ (ಐದಂತಸ್ತಿನ ಗೋಪುರ) ಟೂರಲ್ಲಿದ್ರೆ ಅಲ್ಲಿ 398 ಮೆಟ್ಟಿಲು. ಪಕ್ಕದಲ್ಲಿ ಇಳಿಜಾರು ದಾರಿ ಇದೆ, ಸುತ್ತು ಜಾಸ್ತಿ, ಮಂಡಿಗೆ ಅದೂ ಸುಲಭ ಅಲ್ಲ. ಅಪ್ಪನ್ನ ಕೆಳಗೇ ಕೂರಿಸೋದಾದ್ರೆ ಒಬ್ರು ಜೊತೆಗಿರಿ, ಗೈಡ್‌ಗೆ ಬಸ್ ಹತ್ತುವಾಗ್ಲೇ ಹೇಳಿ.

ಇನ್ನು ಹಕೋನೆ ಇರೋ ಟೂರ್ ಯಾಕೆ ಬೇಡ ಅಂದ್ರೆ, ಟೈಮ್ ಸಾಲಲ್ಲ. ಜಾಗ ಚೆನ್ನಾಗಿದೆ, ಅಲ್ಲಿನ ಜ್ವಾಲಾಮುಖಿ ಕಣಿವೆ ಓವಾಕುದಾನಿಯಲ್ಲಿ ಗಂಧಕದ ಹೊಗೆ ಏಳೋದನ್ನ ರೋಪ್‌ವೇಯಿಂದ ನೋಡೋದು ದೊಡ್ಡ ಅನುಭವ, ಆದ್ರೆ ಒಂದೇ ದಿನಕ್ಕೆ ತುರುಕಿದ್ರೆ ಅರ್ಧ ದಿನ ಬಸ್ಸಲ್ಲೇ ಹೋಗತ್ತೆ, ಮೋಡ ಸರಿಯೋತನಕ ಕಾಯೋಣ ಅಂದ್ರೆ ಅಷ್ಟರಲ್ಲಿ ಗೈಡ್ ಕರೀತಾರೆ. ಶನಿವಾರ ಭಾನುವಾರನೂ ಬೇಡ, ಟೋಕಿಯೋಗೆ ವಾಪಸ್ ಬರೋ ಹೈವೇ ಸಾಯಂಕಾಲ ಜಾಮ್ ಆಗಿರತ್ತೆ, ಆವತ್ತು ರಾತ್ರಿಗೆ ಬೇರೆ ಏನೂ ಬುಕ್ ಮಾಡ್ಬೇಡಿ.