ಮದ್ದಿನ ಕೊಂಬು, ಅಜ್ಜನ ಕೋವಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಸಾರ್, ನಾನು ಶಿವಮೊಗ್ಗದವನು. ಈಗ ಪೆನ್ಸಿಲ್ವೇನಿಯಾದಲ್ಲಿ ಕೆಲಸ. ನಳಿಗೆಯ ಬಾಯಿಂದ ಮದ್ದು ತುಂಬಿ ಹೊಡೆಯುವ ಹಳೇ ಮಾದರಿ ರೈಫಲ್ ಇದೆಯಲ್ಲ, ಅದರ ರೇಂಜಿಗೆ ಗೆಳೆಯನೊಬ್ಬ ಕರೆದುಕೊಂಡು ಹೋಗಿದ್ದ. ಹುಚ್ಚು ಹಿಡಿದಿದೆ. ಮದ್ದು ತುಂಬಿಟ್ಟುಕೊಳ್ಳುವ ಕೊಂಬನ್ನು ನಾನೇ ಮಾಡಬೇಕು ಅಂತ ಆಸೆ. ರೆಡಿ ಸಿಗೋದು ತಗೊಂಡ್ರೆ ಆಗಲ್ವಾ ಅಂತ ಹೆಂಡತಿ ಕೇಳುತ್ತಾಳೆ. ಏನು ಮಾಡಲಿ?

ಉತ್ತರ: ರೆಡಿ ಕೊಂಬೂ ಸಿಗುತ್ತದೆ, ಅದರಿಂದ ಕೆಲಸವೂ ಆಗುತ್ತದೆ. ಆದರೆ ನನ್ನ ಕೇಳಿದರೆ ಈ ಹವ್ಯಾಸದಲ್ಲಿ ಹೊಡೆಯೋದು ಅರ್ಧ, ಸಾಮಾನು ಮಾಡಿಕೊಳ್ಳೋದು ಅರ್ಧ. ನೀವಿರುವ ಜಾಗವೂ ಅದಕ್ಕೆ ಸರಿಯಾಗಿದೆ. 18ನೇ ಶತಮಾನದಲ್ಲಿ ಜರ್ಮನ್ ವಲಸಿಗ ಕಮ್ಮಾರರು ಉದ್ದ ನಳಿಗೆಯ ರೈಫಲ್ ಮಾಡಿದ್ದು ನಿಮ್ಮ ಪಕ್ಕದ ಲ್ಯಾಂಕಾಸ್ಟರ್ ಕಡೆಯಲ್ಲೇ. 1933ರಲ್ಲಿ ಶುರುವಾದ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್ ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಪಂದ್ಯ ನಡೆಸುತ್ತದೆ. ಒಮ್ಮೆ ಹೋಗಿ ಬನ್ನಿ.

ಈಗ ಕೊಂಬಿಗೆ ಬರೋಣ. ದನದ ಕೊಂಬೇ ಆಗಬೇಕು. ಜಿಂಕೆಯದು ಗಟ್ಟಿ ಮೂಳೆ, ದನದ್ದು ಒಳಗೆ ಪೊಳ್ಳು. ತಿಳಿ ಬಣ್ಣದ್ದು, ಹೊರಬಾಗಿನ ಮೇಲೆ ಅಳೆದರೆ 12ರಿಂದ 14 ಇಂಚು ಇರುವುದು ನೋಡಿಕೊಳ್ಳಿ. ಬಿಸಿಲಿಗೆ ಹಿಡಿದರೆ ಬಿರುಕು, ಹುಳ ಕೊರೆದ ತೂತು ಗೊತ್ತಾಗುತ್ತದೆ. ಸೊಂಟದ ಪಕ್ಕ ಇಟ್ಟು ನೋಡಿ. ಬಾಗು ಮೈಗೆ ಒರಗಿ ಕೂರಬೇಕು, ಹೊರಗೆ ಚಾಚಿಕೊಂಡರೆ ಬೇಡ.

ಕೊಂಬಿನ ತುದಿ ಗಟ್ಟಿ, ಬುಡ ಪೊಳ್ಳು. ಪೊಳ್ಳು ಎಲ್ಲಿಗೆ ಮುಗಿಯುತ್ತದೆ ಅಂತ ಮೊದಲು ಗೊತ್ತಾಗಬೇಕು. ತಂತಿಯೊಂದನ್ನು ಬುಡದಿಂದ ಒಳಗೆ ತಳ್ಳಿ, ತಾಗಿ ನಿಂತಾಗ ಗುರುತು ಮಾಡಿ, ಅದೇ ತಂತಿಯನ್ನು ಹೊರಗಿನ ಬಾಗಿಗೆ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆ ಗೆರೆಯಿಂದ ಆಚೆಗೆ ಒಂದೆರಡು ಇಂಚು ಗಟ್ಟಿ ಭಾಗ ಬಿಟ್ಟು ತುದಿ ಕತ್ತರಿಸಿ, ಅಲ್ಲಿಂದ ಪೊಳ್ಳಿನವರೆಗೆ ಕೊರೆಯಿರಿ. ನಿಧಾನ ಮಾಡಿ. ಕೊಂಬು ಬಾಗಿರುತ್ತದೆ, ಡ್ರಿಲ್ ನೇರ ಹೋಗುತ್ತದೆ, ಅವಸರ ಮಾಡಿದರೆ ಪಕ್ಕದಿಂದ ಹೊರಗೆ ಬರುತ್ತದೆ. ಸುಟ್ಟ ಕೂದಲಿನ ವಾಸನೆ ಬಂದೇ ಬರುತ್ತದೆ, ಏಕೆಂದರೆ ಕೊಂಬು, ಕೂದಲು, ಉಗುರು ಎಲ್ಲ ಒಂದೇ ವಸ್ತು. ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಕೆಲಸ ಅಡುಗೆಮನೆಯಲ್ಲಿ ಬೇಡ. ಆಗ ಹೆಂಡತಿಯವರ ಎರಡನೇ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲ್ಲ.

ಜಾಸ್ತಿ ಜನ ಎಡವೋದು ಬುಡದ ಮುಚ್ಚಳದಲ್ಲಿ. ಕೊಂಬಿನ ಬುಡ ಯಾವತ್ತೂ ಪೂರ್ತಿ ಗುಂಡಗೆ ಇರಲ್ಲ. ಅದಕ್ಕೆ ಎರಡು ದಾರಿ. ಬುಡದ ಆಕಾರವನ್ನು ಮರದ ಮೇಲೆ ಬರೆದುಕೊಂಡು ಹಾಗೇ ಕೆತ್ತಬಹುದು. ಇಲ್ಲವೇ ಬುಡದ ಭಾಗವನ್ನು ಕುದಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಇಟ್ಟರೆ ಮೆತ್ತಗಾಗುತ್ತದೆ. ತಕ್ಷಣ ಚೂಪಾಗಿ ಕಡೆದ ಗುಂಡು ಮರದ ಶಂಕುವನ್ನು ಒಳಗೆ ಒತ್ತಿ, ರಾತ್ರಿಯಿಡೀ ಆರಲು ಬಿಡಿ. ಬೆಳಗ್ಗೆ ಬಾಯಿ ಗುಂಡಗಾಗಿರುತ್ತದೆ. ನನಗೆ ಎರಡನೇ ದಾರಿಯೇ ಇಷ್ಟ. ಪೈನ್, ಮೇಪಲ್, ವಾಲ್ನಟ್ ಯಾವ ಮರವಾದರೂ ಸರಿ. ಸುತ್ತ ಸಣ್ಣ ತೂತು ಕೊರೆದು ಮರದ ಗೂಟ ಹೊಡೆಯಿರಿ, ಸಂದಿಗೆ ಜೇನುಮೇಣ ಕರಗಿಸಿ ಬಿಡಿ. ಎಪಾಕ್ಸಿ ಅಂಟು ಹಾಕಿದರೆ ಸಂಪ್ರದಾಯಸ್ಥರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ಮದ್ದಿಗೆ ತೇವ ತಾಗದಿದ್ದರೆ ಸಾಕು.

ಸೋರುತ್ತದಾ ಅಂತ ನೋಡಲು ಬುಡವನ್ನು ನೀರಲ್ಲಿ ಮುಳುಗಿಸಿ ತುದಿಯಿಂದ ಊದಿ. ಗುಳ್ಳೆ ಎದ್ದ ಕಡೆ ಇನ್ನೊಂದಿಷ್ಟು ಮೇಣ.

ತುದಿಯ ತೂತು ಮುಚ್ಚುವ ಬಿರಡೆಗೆ ಪಿಟೀಲಿನ ತಂತಿ ಬಿಗಿಯುವ ಮರದ ಗೂಟ ಬಳಸುವವರು ತುಂಬಾ ಜನ. ಅದರ ಓರೆ ಸರಿಯಾಗಿ ಕೂರುತ್ತದೆ, ಹಿಡಿಯಲೂ ಸಲೀಸು. ಹೊರಮೈಯನ್ನು ಅರ, ಕೆರೆಯುವ ಅಲಗು, ಆಮೇಲೆ ಸ್ಯಾಂಡ್‌ಪೇಪರ್ ಹೀಗೆ ತೆಳು ಮಾಡುತ್ತಾ ಹೋಗಿ. ಬೆಳಕಿಗೆ ಹಿಡಿದಾಗ ಒಳಗೆ ಮದ್ದು ಎಷ್ಟಿದೆ ಅಂತ ಕಾಣಬೇಕು. ಅದಕ್ಕೇ ತಿಳಿ ಬಣ್ಣ ಹುಡುಕಿ ಅಂದಿದ್ದು. ಚಿತ್ರ ಬೇಕಾದರೆ ನುಣುಪಾದ ಮೈಮೇಲೆ ಸೂಜಿಯಿಂದ ಗೀರಿ ಶಾಯಿ ತಿಕ್ಕಿ ಒರೆಸಿಬಿಡಿ, ಗೀರಿನಲ್ಲಷ್ಟೇ ಬಣ್ಣ ಉಳಿಯುತ್ತದೆ. 1754ರಿಂದ 63ರವರೆಗೆ ಫ್ರೆಂಚರ ವಿರುದ್ಧ ನಡೆದ ಯುದ್ಧದ ಕಾಲದಲ್ಲಿ ಹಡ್ಸನ್, ಮೊಹಾಕ್ ಕಣಿವೆಗಳ ನಕ್ಷೆಯನ್ನೇ ಕೊಂಬಿನ ಮೇಲೆ ಕೆತ್ತುತ್ತಿದ್ದರು. ನೀವು ತುಂಗೆ ಕೆತ್ತಿ, ಯಾರು ಬೇಡ ಅಂತಾರೆ?

ಇನ್ನು ಅಳತೆ ಪಾತ್ರೆ. ಜಿಂಕೆ ಕೊಂಬಿನ ತುಂಡಿಗೆ ತೂತು ಕೊರೆದು ಮಾಡಬಹುದು, ನಿಮ್ಮ ಕಡೆ ಅದು ಸುಲಭವಾಗಿ ಸಿಗುತ್ತದೆ. ಅಂಗಡಿಯ ಹಿತ್ತಾಳೆ ಅಳತೆಯೊಂದಕ್ಕೆ ಹೋಲಿಸುತ್ತಾ ಸ್ವಲ್ಪ ಸ್ವಲ್ಪವೇ ಆಳ ಮಾಡಿ. ಎಷ್ಟು ಮದ್ದು ಅನ್ನೋದಕ್ಕೆ ಕೋವಿ ಮಾಡಿದವರ ಕೈಪಿಡಿ ಹೇಳಿದ್ದೇ ಮಾತು. ಕಪ್ಪು ಮದ್ದು ಬಿಟ್ಟು ಇವತ್ತಿನ ತೋಟಾಗಳ ಹೊಗೆರಹಿತ ಮದ್ದು ಹಾಕಿದರೆ ನಳಿಗೆ ಸಿಡಿಯುತ್ತದೆ, ಕೈ ಹೋಗುತ್ತದೆ.

ಕೊಂಬಿನಿಂದ ನೇರವಾಗಿ ನಳಿಗೆಗೆ ಮದ್ದು ಸುರಿಯಬೇಡಿ. ಸಿನಿಮಾದಲ್ಲಿ ಸುರಿಯುತ್ತಾರೆ, ಅದನ್ನು ನೋಡಿ ಕಲಿಯಬೇಡಿ. ಹಿಂದಿನ ಹೊಡೆತದ ಕೆಂಡದ ಚೂರು ನಳಿಗೆಯ ತಳದಲ್ಲಿ ಉಳಿದಿದ್ದರೆ ಅಳತೆ ಪಾತ್ರೆಯ ಮದ್ದಷ್ಟೇ ಹೊತ್ತಿಕೊಳ್ಳಬೇಕು, ಕೈಯಲ್ಲಿರುವ ಇಡೀ ಕೊಂಬಲ್ಲ. ಪ್ರತಿ ಸಲ ಅಳೆದ ಕೂಡಲೇ ಬಿರಡೆ ಹಾಕಿ, ಆಮೇಲೆ ಮುಂದಿನ ಕೆಲಸ. ಮುಗಿದ ಮೇಲೆ ಅವತ್ತೇ ಬಿಸಿ ಸೋಪುನೀರಿನಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಮದ್ದಿನ ಮಸಿ ತೇವ ಎಳೆದುಕೊಳ್ಳುತ್ತದೆ, ಒಂದು ವಾರ ಬಿಟ್ಟರೆ ತುಕ್ಕು. ಕೋವಿ ಕೊಳ್ಳುವ ಮೊದಲು ರಾಜ್ಯದ ಕಾನೂನು ನೋಡಿ. ಪಕ್ಕದ ನ್ಯೂಜೆರ್ಸಿಯ ನಿಯಮ ಬೇರೆ, ಅಲ್ಲಿ ಬಿಗಿ ಜಾಸ್ತಿ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬಿ, ಕೇಪು ಸಿಡಿಸಿ ಹೊಡೆಯೋದು) ಅಟ್ಟದ ಮೇಲಿದೆ. ಅಜ್ಜ ತೀರಿಕೊಂಡರು, ಲೈಸೆನ್ಸ್ ಅವರ ಹೆಸರಲ್ಲೇ ಇದೆ. ಪಾಲಿಶ್ ಮಾಡಿ ಗುರಿ ಹೊಡೆಯೋಣ, ಕೊಡಗಲ್ಲಿ ಲೈಸೆನ್ಸೇ ಬೇಡವಲ್ಲ ಅಂತಾನೆ ಭಾವ.

ಉತ್ತರ: ಭಾವನಿಗೆ ಹೇಳಿ, ತೀರ್ಥಹಳ್ಳಿ ಕೊಡಗಲ್ಲ. ಅಲ್ಲಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೆ ಮಾತ್ರ. 1861ರಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ 10 ವರ್ಷ ಮುಂದುವರಿಸಿತು. ಅವರ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡೋದು ನೋಡಿದವರಿಗೆ ಅದು ಬರೀ ಆಯುಧದ ವಿಷಯ ಅಲ್ಲ ಅಂತ ಅರ್ಥವಾಗುತ್ತದೆ. ನಿಮಗೆ ಅನ್ವಯಿಸೋದು 1959ರ ಆಯುಧ ಕಾಯ್ದೆ. ಬೆಳೆ ರಕ್ಷಣೆಗೆ ಇಂಥ ಕೋವಿಗೆ ಲೈಸೆನ್ಸ್ ಕೊಡಲು ಅದರಲ್ಲೇ ಅವಕಾಶ ಇದೆ. ನಿಮ್ಮ ಅಜ್ಜನದೂ ಬಹುಶಃ ಅದೇ ಇರಬೇಕು, ಎಲೆಕ್ಷನ್ ಬಂದಾಗೆಲ್ಲ ಠಾಣೆಗೆ ಕೊಟ್ಟು ಬರುತ್ತಿದ್ದರು ಅಲ್ವಾ? ಲೈಸೆನ್ಸುದಾರ ತೀರಿಕೊಂಡ ಮೇಲೆ ಕೋವಿ ಮನೆಯಲ್ಲಿ ಸುಮ್ನೆ ಇಟ್ಟುಕೊಳ್ಳೋ ಹಾಗಿಲ್ಲ. ಠಾಣೆಯಲ್ಲಿ ಠೇವಣಿ ಮಾಡಿ, ವಾರಸುದಾರರಾಗಿ ನಿಮ್ಮ ಹೆಸರಿಗೆ ಅರ್ಜಿ ಹಾಕಿ.

ಅದಕ್ಕೂ ಮೊದಲು ಇನ್ನೊಂದು ವಿಷಯ. ಹಳೇ ಕೇಪಿನ ಕೋವಿಗಳಲ್ಲಿ ಮದ್ದು ತುಂಬಿದ್ದು ಹಾಗೇ ಉಳಿದಿರೋದು ಅಪರೂಪವಲ್ಲ, ಎಷ್ಟು ವರ್ಷ ಆಗಿದ್ದರೂ ಅದು ಹೊತ್ತಿಕೊಳ್ಳಬಹುದು. ಠಾಣೆಗೆ ಮೊದಲೇ ಫೋನ್ ಮಾಡಿ ವಿಷಯ ತಿಳಿಸಿ. ಕೆಳಗಿಳಿಸುವಾಗ ಬಾಯಿ ಯಾರ ಕಡೆಗೂ ತಿರುಗಬಾರದು, ಕೋವಿಯ ಕುದುರೆ ಎಂಬ ಕೀಲು ಮುಟ್ಟಬಾರದು. ಮದ್ದು ಇದೆಯಾ ಅಂತ ಪತ್ತೆ ಮಾಡೋದು ಕಷ್ಟವಲ್ಲ: ಮರದ ಕೋಲು ನಳಿಗೆಗೆ ಇಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ, ಅದೇ ಕೋಲನ್ನು ಹೊರಗೆ ನಳಿಗೆಗೆ ಜೋಡಿಸಿ ನೋಡಿದರೆ ತುದಿ ಕೇಪು ಕೂರುವ ಜಾಗದವರೆಗೆ ಬರಬೇಕು. ಎರಡು ಮೂರು ಇಂಚು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ಇದನ್ನು ಕೋವಿ ರಿಪೇರಿ ಮಾಡುವ ಲೈಸೆನ್ಸ್ ಇರುವವರ ಕೈಯಲ್ಲೇ ಮಾಡಿಸಿ, ತೆಗೆಯೋದೂ ಅವರೇ. ಪಾಲಿಶ್ ಅಂತೂ ಬೇಡವೇ ಬೇಡ. ಹಳೇ ನಳಿಗೆಗೆ ಬಂದಿರುವ ಕಂದು ಬಣ್ಣ ಉಜ್ಜಿ ಹೋದರೆ ಮತ್ತೆ ಬರಲ್ಲ.

ಪ್ರಶ್ನೆ: ನಾನು ಮೈಸೂರಿನ ವಿದ್ಯಾರ್ಥಿನಿ. ಕೋವಿ ಬೇಡ, ಕೊಂಬು ಮಾತ್ರ ಮಾಡಬಹುದಾ? ಅದಕ್ಕೂ ಲೈಸೆನ್ಸ್ ಬೇಕಾ?

ಉತ್ತರ: ಖಾಲಿ ಕೊಂಬಿಗೆ ಆಯುಧದ ಲೈಸೆನ್ಸ್ ಬೇಡ, ಧೈರ್ಯವಾಗಿ ಮಾಡಮ್ಮ. ಎತ್ತಿನದೋ ಎಮ್ಮೆಯದೋ ಆಗಲಿ. ಎಮ್ಮೆಯದು ಕಪ್ಪು, ಒಳಗೇನಿದೆ ಅಂತ ಕಾಣಲ್ಲ, ಆದರೆ ಮೆರುಗು ಚೆನ್ನಾಗಿ ಬರುತ್ತದೆ. ಕಾಟಿ, ಜಿಂಕೆ, ಕಡವೆ ಕೊಂಬು ಮುಟ್ಟಬೇಡ. ಕಾಡಲ್ಲಿ ತಾನಾಗಿ ಉದುರಿದ್ದಾದರೂ ವನ್ಯಜೀವಿ ಕಾಯ್ದೆಯಲ್ಲಿ ಕೇಸ್ ಆಗುತ್ತದೆ. ಬುಡದ ಮುಚ್ಚಳಕ್ಕೆ ಚನ್ನಪಟ್ಟಣದ ಬೊಂಬೆ ಕಡೆಯುವವರನ್ನು ಕೇಳು, ಹಾಲೆ ಮರದಲ್ಲಿ ಚೆಂದ ಕಡೆದು ಕೊಡುತ್ತಾರೆ. ಮದ್ದು ಮಾತ್ರ ತರಬೇಡ, ಅದಕ್ಕೆ ಸ್ಫೋಟಕಗಳ ಕಾನೂನೇ ಬೇರೆ ಇದೆ. ತೂತಿನಿಂದ ಕಾಳು ಸಲೀಸಾಗಿ ಇಳಿಯುತ್ತದಾ ಅಂತ ನೋಡೋಕೆ ಸಾಸಿವೆ ಸಾಕು.